ಅವರು ಕಾಂಟ್ರಾಕ್ಟ್‌ನವರು

ಎರಡು ವರ್ಷದ ಹಿಂದೆ ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಮಿಟಿಯಲ್ಲಿದ್ದೆ. ಬೇಸ್‌ಮೆಂಟಿನ ಎಸ್‌ಟಿಪಿ ಟ್ಯಾಂಕಿನಲ್ಲಿ ಹೂಳು ತುಂಬಿತ್ತು. ಎರಡು ಕೊಟೇಶನ್ ಬಂದವು. ಒಂದು 22,000 ರೂಪಾಯಿ, ಇನ್ನೊಂದು 41,000. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚರ್ಚೆ ಐದು ನಿಮಿಷವೂ ನಡೆಯಲಿಲ್ಲ. ಕಡಿಮೆಯದಕ್ಕೆ ಹೆಬ್ಬೆರಳು ಒತ್ತಿದವರಲ್ಲಿ ನಾನೂ ಒಬ್ಬ.

ಭಾನುವಾರ ಬೆಳಗ್ಗೆ ಕಾರು ತೆಗೆಯೋಕೆ ಕೆಳಗಿಳಿದರೆ, ಟ್ಯಾಂಕಿನ ಪಕ್ಕ ಒಬ್ಬ ಹುಡುಗ ಗೋಡೆಗೊರಗಿ ಕೂತಿದ್ದ. ಇಪ್ಪತ್ತೆರಡು ವಯಸ್ಸಿರಬಹುದು. ಬರಿಗಾಲು, ಮೈಯೆಲ್ಲ ಒದ್ದೆ. "ಸ್ವಲ್ಪ ತಲೆ ಸುತ್ತು ಬಂತು ಸಾರ್, ಏನಿಲ್ಲ" ಅಂದ. ಸೆಕ್ಯುರಿಟಿಯವರನ್ನು ಕೇಳಿದೆ. "ನಮ್ಮವರಲ್ಲ ಸಾರ್, ಅವರು ಕಾಂಟ್ರಾಕ್ಟ್‌ನವರು."

ನಿಜ ಹೇಳಬೇಕಂದ್ರೆ, ಆ ಮಾತು ಕೇಳಿ ಒಂದು ಕ್ಷಣ ನನಗೆ ಸಮಾಧಾನವಾಯಿತು. ಇವತ್ತಿಗೂ ಕಾಡುವುದು ಆ ಸಮಾಧಾನವೇ.

ಕೆಲಸ ನಿಲ್ಲಿಸಿದೆವು. ಹುಡುಗ ಸಂಜೆಗೆ ಚೇತರಿಸಿಕೊಂಡ. ಆದರೆ ಅದು ನಮ್ಮ ಅದೃಷ್ಟವೇ ಹೊರತು ನಮ್ಮ ಒಳ್ಳೆಯತನವಲ್ಲ. ಇಂಥ ಟ್ಯಾಂಕುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮೊದಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಾದಂತೆ ಅದು ಮೂಗಿನ ಶಕ್ತಿಯನ್ನೇ ಕುಗ್ಗಿಸುತ್ತದೆ. "ವಾಸನೆ ಹೋಯ್ತು, ಇಳಿಯಬಹುದು" ಅಂದುಕೊಳ್ಳುವ ಗಳಿಗೆಯೇ ಅಪಾಯದ ಗಳಿಗೆ. ಒಬ್ಬ ಬಿದ್ದರೆ ಕಾಪಾಡಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ.

ಆ ರಾತ್ರಿ ಎರಡೂ ಕೊಟೇಶನ್ ಮತ್ತೆ ತೆಗೆದು ಓದಿದೆ. 41,000ದಲ್ಲಿ ಏನಿತ್ತು? ಹೂಳು ಹೀರುವ ಯಂತ್ರ, ಗಾಳಿ ಊದುವ ಬ್ಲೋವರ್, ಗ್ಯಾಸ್ ಮೀಟರ್, ಸೊಂಟಕ್ಕೆ ಬೆಲ್ಟು ಮತ್ತು ಹಗ್ಗ, ಮೇಲೆ ನಿಂತು ನೋಡಿಕೊಳ್ಳಲು ಒಬ್ಬ. 22,000ದಲ್ಲಿ ಇವ್ಯಾವುದೂ ಇರಲಿಲ್ಲ. ನಾವು ಉಳಿಸಿದ 19,000 ಇವುಗಳ ಬೆಲೆ. 96 ಮನೆಗೆ ಹಂಚಿದರೆ ಮನೆಗೆ ಇನ್ನೂರು ರೂಪಾಯಿಯೂ ಇಲ್ಲ. ಒಂದು ಬಿರಿಯಾನಿಯ ದುಡ್ಡು.

"ನಾವೇನು ಸೇಫ್ಟಿ ಎಕ್ಸ್‌ಪರ್ಟಾ? ಗೊತ್ತಿರೋರಿಗೇ ತಾನೇ ಕಾಂಟ್ರಾಕ್ಟ್ ಕೊಡೋದು?" ಅಂತ ಕಮಿಟಿಯಲ್ಲಿ ಒಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಪರಿಣತಿಯನ್ನು ಹೊರಗಿನಿಂದ ಕೊಳ್ಳಬಹುದು, ಎಲ್ಲರೂ ಕೊಳ್ಳುತ್ತೇವೆ. ಆದರೆ ಬೆಲೆ ಒಪ್ಪಿದ್ದು ಯಾರು? "ಭಾನುವಾರ ಹನ್ನೆರಡರೊಳಗೆ ಮುಗಿಸಿ" ಅಂದಿದ್ದು ಯಾರು? ಆ ಎರಡು ನಿರ್ಧಾರ ನಮ್ಮವು. ಗುತ್ತಿಗೆದಾರನಿಗೆ ಅವನ ಪಾಲಿನ ತಪ್ಪು ಇದ್ದೇ ಇದೆ. ಅವನ ಪಾಲು ಬೆಳೆದ ಮಾತ್ರಕ್ಕೆ ನಮ್ಮ ಪಾಲು ಕರಗುವುದಿಲ್ಲ.

ಕಾನೂನಿಗೂ ಇದು ಗೊತ್ತಿದೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಮಲಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಇನ್ನೂ ನೇರ. ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಇಳಿಸುವಂತಿಲ್ಲ. ಆ 'ಪರೋಕ್ಷ' ಅನ್ನುವ ಪದದೊಳಗೆ ನಮ್ಮ ಕೊಟೇಶನ್, ನನ್ನ ಹೆಬ್ಬೆರಳು ಎಲ್ಲ ಇವೆ. 2023ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಆದರೆ ಪರಿಹಾರ ಬರುವುದು ಸತ್ತ ಮೇಲೆ.

ಈಗ ಆಫೀಸಿನಲ್ಲಿ ಗಾಜು ಒರೆಸುವವರು ಹಗ್ಗದಲ್ಲಿ ತೂಗುವಾಗ, ಸೀಲಿಂಗ್ ಬಿಚ್ಚಿ ಎಲೆಕ್ಟ್ರಿಷಿಯನ್ ಏಣಿ ಹತ್ತುವಾಗ, ಒಂದು ಪ್ರಶ್ನೆ ಕೇಳುತ್ತೇನೆ. 'ಬೇಡ, ಇದು ಅಪಾಯ' ಅಂತ ಇವರು ಕೆಲಸ ನಿಲ್ಲಿಸಿದರೆ ಇವತ್ತಿನ ಕೂಲಿ ಸಿಗುತ್ತಾ? ಸಿಗಲ್ಲ ಅಂದ್ರೆ ಹೆಲ್ಮೆಟ್ಟು, ಬೆಲ್ಟು, ಗೋಡೆ ಮೇಲಿನ ಪೋಸ್ಟರು ಎಲ್ಲ ಬರೀ ತೋರಿಕೆ. ಆ ಹುಡುಗ "ಏನಿಲ್ಲ ಸಾರ್" ಅಂದದ್ದು ಧೈರ್ಯದಿಂದಲ್ಲ, ಕೂಲಿ ಹೋಗುವ ಭಯದಿಂದ.

ಅವನ ಹೆಸರು ನಾನು ಕೇಳಲೇ ಇಲ್ಲ.