ಮೇಲ್ಮನವಿ ಹಾಕೋದು ಅವಿಶ್ವಾಸವಾ?

ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 25:1–12, ಅರಣ್ಯಕಾಂಡ 27:1–11, ಲೂಕ 17:11–19

ಒಂದು ಸಾರಿ ಕೈ ಎತ್ತಿ ಸ್ತೋತ್ರ ಹೇಳೋಣವಾ? ಹಲ್ಲೆಲೂಯಾ. ಕೂತ್ಕೊಳ್ಳಿ.

ಪ್ರಿಯರೇ, ಇವತ್ತು ನಾನು ಒಂದು ತಪ್ಪು ಒಪ್ಪಿಕೊಂಡು ಶುರು ಮಾಡ್ತೀನಿ. ನಾನು ಕೊಟ್ಟ ಒಂದು ಸಲಹೆ ತಪ್ಪಾಗಿತ್ತು. ಅದೂ ವಾಕ್ಯ ತೋರಿಸಿ ಕೊಟ್ಟ ಸಲಹೆ. ಅದರಿಂದ ಒಂದು ಕುಟುಂಬ ಮೂರು ತಿಂಗಳು ಕಳ್ಕೊಂಡಿತು.

ನಿಮಗೆ ಗೊತ್ತು, ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯಲ್ಲಿ. ಕಾಳಿ ನದಿ, ಪೇಪರ್ ಮಿಲ್ಲಿನ ಸೈರನ್, ಅದೇ ನಮ್ಮ ಗಡಿಯಾರ. ನಮ್ಮ ಬಂಧುಗಳು ಹಳಿಯಾಳದ ಕಡೆ. ಆ ಭಾಗದ ಹುಡುಗರಿಗೆ ಬೆಳಗಾವಿ ದೂರ ಅಲ್ಲ. ಅಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ. ಹತ್ತನೇ ಕ್ಲಾಸ್ ಮುಗಿಸಿ ಬೆಳಗ್ಗೆ ಐದಕ್ಕೆ ಎದ್ದು ರಸ್ತೆ ಮೇಲೆ ಓಡೋ ಹುಡುಗರನ್ನ ಈಗ್ಲೂ ನೋಡಬಹುದು. ಮುಂಡಗೋಡದ ಟಿಬೆಟನ್ ಕ್ಯಾಂಪುಗಳಿಂದಲೂ ಯುವಕರು ಸ್ಪೆಷಲ್ ಫ್ರಂಟಿಯರ್ ಫೋರ್ಸ್‌ಗೆ ಹೋಗಿದ್ದಾರೆ. ಸೈನ್ಯ ಅನ್ನೋದು ನಮ್ಮ ಕಡೆ ಟಿವಿಯ ವಿಷಯ ಅಲ್ಲ, ಮನೆಯ ವಿಷಯ.

ನನ್ನ ದೊಡ್ಡಮ್ಮನ ಮಗ ಹಾಗೆ ಸೇರಿದವನು. ನನಗಿಂತ ಚಿಕ್ಕವನು, ತಮ್ಮ ಅಂತಲೇ ಕರೀತೀನಿ. ಹನ್ನೊಂದು ವರ್ಷ ಸೇವೆ. ಎತ್ತರದ ಪ್ರದೇಶದಲ್ಲಿ ಇದ್ದಾಗ ಬೆನ್ನುನೋವು ಶುರುವಾಯ್ತು. ಡಿಸ್ಕ್ ಜಾರಿತ್ತು. ಮೊದಲು ಮೆಡಿಕಲ್ ಕೆಟಗರಿ ಇಳಿಸಿದರು, ಆಮೇಲೆ ಮೆಡಿಕಲ್ ಬೋರ್ಡ್ ಕೂತು ಸೇವೆಯಿಂದ ಹೊರಗೆ ಕಳಿಸ್ತು. ಇದು 2023ಕ್ಕಿಂತ ಮುಂಚಿನ ಮಾತು. ಬೋರ್ಡ್ ಬರೆದದ್ದು ಎರಡು ವಿಷಯ. ಒಂದು, ಅಂಗವೈಕಲ್ಯ 20 ಶೇಕಡಾ. ಎರಡು, ಇದು ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಆ ಎರಡನೇ ಸಾಲಿನಿಂದ ಡಿಸೆಬಿಲಿಟಿ ಪೆನ್ಶನ್ ಇಲ್ಲ ಅಂತ ಪತ್ರ ಬಂತು. ಒಪ್ಪಿಗೆ ಇಲ್ಲದಿದ್ದರೆ ಆರು ತಿಂಗಳ ಒಳಗೆ ಮೊದಲ ಮೇಲ್ಮನವಿ ಹಾಕಬೇಕು.

ಆ ಪತ್ರ ಬಂದು ಒಂದೂವರೆ ತಿಂಗಳಾದಾಗ ನಾನು ಊರಿಗೆ ಹೋದೆ. ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ, ನಾಲ್ಕು ಕಡೆ ಉಪವಾಸ ಪ್ರಾರ್ಥನೆ ಇತ್ತು. ಹಳಿಯಾಳದಲ್ಲಿ ಅವನ ಮನೆಯಲ್ಲೇ ಊಟ. ಊಟ ಆದ್ಮೇಲೆ ಅವನು ಕೇಳಿದ, "ಅಣ್ಣಾ, ಅಪೀಲ್ ಹಾಕ್ಲೋ ಬ್ಯಾಡೋ? ದೇಶದ ವಿರುದ್ಧ ಕೇಸ್ ಹಾಕಿದಂಗ ಆಗ್ತದೇನೋ ಅನಸ್ತದ."

ನಾನು ತಕ್ಷಣ ಮತ್ತಾಯ 5ನೇ ಅಧ್ಯಾಯ ತೆಗೆದೆ. ಅಂಗಿ ಕೇಳಿದವನಿಗೆ ಮೇಲಂಗಿಯನ್ನೂ ಬಿಟ್ಟುಕೊಡೋ ವಿಷಯ. "ಬಿಟ್ಟುಬಿಡು ತಮ್ಮಾ, ಕರ್ತನು ಒದಗಿಸ್ತಾನೆ" ಅಂದೆ. ಪ್ರಾರ್ಥನೆ ಮಾಡಿದೆ. ಎದ್ದು ಚಪ್ಪಲಿ ಹಾಕ್ಕೊಳ್ಳೋವಾಗ ಅವನ ಹೆಂಡತಿ ಬಾಗಿಲ ಹತ್ತಿರ ಬಂದಳು. "ಭಾವಾ, ತಪ್ಪು ತಿಳ್ಕೋಬ್ಯಾಡ್ರಿ. ಹೋದ ವರ್ಷ ನಿಮ್ಮ ಕಾರಿಗೆ ಲಾರಿ ತಾಗಿದಾಗ ಇನ್ಶೂರೆನ್ಸ್ ಕ್ಲೇಮ್ ಮಾಡಿದ್ರೆಲ್ಲ, ಆವಾಗ ಈ ಅಂಗಿ ವಾಕ್ಯ ನೆನಪಾಗ್ಲಿಲ್ಲೇನ್ರಿ?"

ನಗ್ತಿದ್ದೀರಿ. ನಾನು ಅವತ್ತು ನಗಲಿಲ್ಲ. ಉತ್ತರ ಕೊಡದೆ ಕಾರ್ ಹತ್ತಿದೆ. ಬೆಂಗಳೂರಿಗೆ ವಾಪಸ್ ಬಂದೆ, ಕೆಲಸದಲ್ಲಿ ಮುಳುಗಿದೆ. ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅಪೊಸ್ತಲರ ಕೃತ್ಯಗಳು 25 ಓದ್ತಾ ಇದ್ದಾಗ ಪವಿತ್ರಾತ್ಮನು ನನ್ನನ್ನ ನಿಲ್ಲಿಸಿದನು.

1. ಪೌಲನು ಯಾಕೆ ಮೇಲ್ಮನವಿ ಹಾಕಿದ?

ಪೌಲನು ಕೈಸರೈಯದಲ್ಲಿ ಎರಡು ವರ್ಷ ಸೆರೆಯಲ್ಲಿದ್ದ. ಹೊಸ ಅಧಿಪತಿ ಫೆಸ್ತ ಬಂದ. ಯೆಹೂದ್ಯರ ಮುಖಂಡರನ್ನ ಮೆಚ್ಚಿಸೋಕೆ, ವಿಚಾರಣೆಗೆ ಯೆರೂಸಲೇಮಿಗೆ ಹೋಗ್ತೀಯಾ ಅಂತ ಕೇಳಿದ. ದಾರಿಯಲ್ಲಿ ಕೊಲ್ಲೋ ಸಂಚು ಇತ್ತು. ಪೌಲ ಆಗ ಕೈಸರನ ನ್ಯಾಯಸ್ಥಾನಕ್ಕೆ ಮನವಿ ಮಾಡಿದ. ರೋಮ್ ಪ್ರಜೆಗೆ ಇದ್ದ ಹಕ್ಕು ಅದು, ಅದನ್ನ ಬಳಸಿದ.

ಗಮನಿಸಿ, ಇದೇ ಪೌಲ ಕೊರಿಂಥದವರಿಗೆ, ಸಹೋದರರ ಮೇಲೆ ಕೋರ್ಟಿಗೆ ಹೋಗೋದಕ್ಕಿಂತ ಅನ್ಯಾಯ ಸಹಿಸೋದು ಮೇಲು ಅಂತ ಬರೆದವನು. ಎರಡೂ ಒಬ್ಬನೇ. ಅಂದ್ರೆ ಹಕ್ಕು ಬಿಡೋದೂ ಆತ್ಮಿಕ ಆಗಬಹುದು, ಹಕ್ಕು ಕೇಳೋದೂ ಆತ್ಮಿಕ ಆಗಬಹುದು. ಪ್ರಶ್ನೆ ಏನು ಅಂದ್ರೆ, ನಾನು ಬಿಟ್ಟುಕೊಡ್ತಿರೋ ಅಂಗಿ ಯಾರದ್ದು? ನನ್ನ ಅಂಗಿ ನಾನು ಕೊಟ್ಟರೆ ತ್ಯಾಗ. ಇನ್ನೊಬ್ಬನ ಹೆಂಡತಿ ಮಕ್ಕಳ ಅಂಗಿ ನಾನು ಬಿಡಿಸಿಕೊಟ್ಟರೆ ಅದಕ್ಕೆ ತ್ಯಾಗ ಅಂತ ಹೆಸರಿಲ್ಲ. ನಾನು ಮಾಡಿದ್ದು ಅದು.

2. ದೇವರು ಮೇಲ್ಮನವಿಗೆ ಸಿಟ್ಟಾಗ್ತಾನಾ?

ಅರಣ್ಯಕಾಂಡ 27. ಚಲ್ಪಹಾದನಿಗೆ ಐದು ಜನ ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ನಿಯಮದ ಪ್ರಕಾರ ಅವರಿಗೆ ಭೂಮಿ ಇಲ್ಲ. ಅವರು ಏನು ಮಾಡಿದರು? ಗುಡಾರದಲ್ಲಿ ಕೂತು ಅಳಲಿಲ್ಲ, ಮೋಶೆಯ ವಿರುದ್ಧ ಗುಣುಗುಟ್ಟಲಿಲ್ಲ. ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ಎಲ್ಲರ ಮುಂದೆ ನಿಂತು, ಕಾರಣ ಸಮೇತ ಕೇಳಿದರು. ಅದರಲ್ಲಿ ಒಂದು ಮಾತು ನೋಡಿ, ತಮ್ಮ ತಂದೆ ಪಾಪದಿಂದ ಸತ್ತ ಅನ್ನೋದನ್ನೂ ಅವರು ಮುಚ್ಚಿಡಲಿಲ್ಲ. ಮೋಶೆ ಆ ವ್ಯಾಜ್ಯವನ್ನ ದೇವರ ಮುಂದೆ ತಂದ. ದೇವರು ಅವರು ಹೇಳಿದ್ದು ಸರಿ ಅಂದ. ಐದು ಹೆಣ್ಣುಮಕ್ಕಳ ಮನವಿಯಿಂದ ಇಡೀ ಇಸ್ರಾಯೇಲಿನ ನಿಯಮ ಬದಲಾಯ್ತು.

ನಮ್ಮ ದೇಶದಲ್ಲೂ ಹಾಗೇ ಆಗಿದೆ. ಧರ್ಮವೀರ್ ಸಿಂಗ್ ಅನ್ನೋ ಸಿಪಾಯಿ 1985ರಲ್ಲಿ ಸೇನೆ ಸೇರಿದರು. ಮೂರ್ಛೆರೋಗ ಬಂತು ಅಂತ 1994ರಲ್ಲಿ ಹೊರಗೆ ಕಳಿಸಿದರು. 20 ಶೇಕಡಾ, ಸೇವೆಗೆ ಸಂಬಂಧ ಇಲ್ಲ ಅಂತ ಬೋರ್ಡ್ ಬರೆದಿತ್ತು. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಡ್ತು. ಸೇರೋವಾಗ ಆರೋಗ್ಯವಂತ ಅಂತ ತಗೊಂಡಿದ್ದೀರಿ, ದಾಖಲೆಯಲ್ಲಿ ರೋಗದ ಗುರುತಿಲ್ಲ, ಹಾಗಾದ್ರೆ ಸೇವೆಗೆ ಸಂಬಂಧ ಇಲ್ಲ ಅಂತ ತೋರಿಸೋ ಹೊಣೆ ಸಿಪಾಯಿಯದ್ದಲ್ಲ, ಬೋರ್ಡ್ ಕಾರಣ ಬರೀಬೇಕು, ನಿಜವಾದ ಸಂದೇಹ ಇದ್ದರೆ ಅದರ ಲಾಭ ಸಿಪಾಯಿಗೆ. ಇದು ಆ ತೀರ್ಪಿನ ಸಾರ. ಒಬ್ಬ ಸಿಪಾಯಿಯ ಹಠದಿಂದ ಎಷ್ಟೋ ಮನೆಗಳಿಗೆ ಬಾಗಿಲು ತೆರೀತು.

ನಿಮ್ಮ ಮನೆಯಲ್ಲೂ ಯಾರಾದ್ರೂ ಇರಬಹುದು, ಅದಕ್ಕೆ ಇನ್ನೊಂದೆರಡು ವಿಷಯ ಹೇಳ್ತೀನಿ. ಮೊದಲ ಮನವಿ ತಿರಸ್ಕಾರ ಆದರೆ ಎರಡನೇ ಮನವಿ ಇದೆ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಕರ್ನಾಟಕಕ್ಕೆ ಅದರ ಕೊಚ್ಚಿ ಪೀಠ. 20 ಶೇಕಡಾಕ್ಕೆ ಬೆಲೆ ಇಲ್ಲ ಅಂತಲೂ ತಿಳ್ಕೋಬೇಡಿ. 2001ರ ಜನವರಿ 31ರ ಸರ್ಕಾರಿ ಪತ್ರದ ಪ್ರಕಾರ 50ಕ್ಕಿಂತ ಕಡಿಮೆ ಇದ್ದದ್ದನ್ನ 50 ಅಂತ ಎಣಿಸೋ ವ್ಯವಸ್ಥೆ ಬಂತು. ಸೇವಾವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತೆ ಅಂತ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಆದರೆ 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆಮೇಲೆ ಹೊರಬಂದವರು ಹಳೇ ಲೆಕ್ಕ ಹಾಕದೆ ತಿಳಿದವರನ್ನ ಕೇಳಿ.

3. ನಂಬಿಕೆಯವನು "ನಾನು ಅಂಗವಿಕಲ" ಅಂತ ಸಹಿ ಮಾಡಬಹುದಾ?

ನಮ್ಮ ಸಭೆಗಳಲ್ಲಿ ನಿಜವಾಗಿ ಕಾಡೋ ಪ್ರಶ್ನೆ ಇದು. ಜೋಯಿಡಾದ ಮನೆಕೂಟದಲ್ಲಿ ಒಬ್ಬ ಹಿರಿಯರು ಅವನಿಗೆ ಹೇಳಿದ್ದರಂತೆ, "ಸ್ವಸ್ಥತೆಗೆ ಪ್ರಾರ್ಥನೆ ಮಾಡ್ತಾ ಇನ್ನೊಂದು ಕೈಯಲ್ಲಿ ರೋಗಕ್ಕೆ ಪರ್ಸೆಂಟ್ ಕೇಳ್ತೀಯಾ? ಬಾಯಿಂದ ಬಂದದ್ದೇ ಆಗ್ತದೆ." ಪಾಪ, ಅವನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ.

ಪ್ರಿಯರೇ, ನಾನು ಸ್ವಸ್ಥತೆಯನ್ನ ನಂಬ್ತೀನಿ. ಕಣ್ಣಾರೆ ಕಂಡಿದ್ದೀನಿ. ಆದರೆ ಲೂಕ 17 ನೋಡಿ. ಹತ್ತು ಜನ ಕುಷ್ಠರೋಗಿಗಳು ಕೂಗಿದರು. ಯೇಸು ಅವರನ್ನ ಎಲ್ಲಿಗೆ ಕಳಿಸಿದನು? ಯಾಜಕರ ಹತ್ತಿರ. ಯಾಕೆ? ಯಾಜಕಕಾಂಡದ ಪ್ರಕಾರ ರೋಗ ಇದೆ ಅಥವಾ ಹೋಗಿದೆ ಅಂತ ನೋಡಿ ಹೇಳೋ ಅಧಿಕಾರ ಯಾಜಕನದ್ದು. ಅವನೇ ಆ ಕಾಲದ ಮೆಡಿಕಲ್ ಬೋರ್ಡ್! ಸ್ವಸ್ಥ ಮಾಡುವ ಕರ್ತನೇ ಜನರನ್ನ ಬೋರ್ಡ್ ಮುಂದೆ ಕಳಿಸಿದನು. ಪರೀಕ್ಷೆಗೆ ಯೇಸು ಹೆದರಲಿಲ್ಲ, ನಾವ್ಯಾಕೆ ಹೆದರಬೇಕು?

ಯಾಕೋಬನು ಆಶೀರ್ವಾದ ಪಡೆದ ಮೇಲೆಯೂ ಕುಂಟಿದ. ಮೆಫೀಬೋಶೆತನು ದಾವೀದನ ಮೇಜಿನಲ್ಲಿ ದಿನಾ ಊಟ ಮಾಡಿದ, ಅವನ ಅಜ್ಜನ ಹೊಲವೆಲ್ಲ ವಾಪಸ್ ಬಂತು. ಆದರೆ ಆ ಅಧ್ಯಾಯ ಮುಗಿಯೋದು ಹೇಗೆ? ಅವನ ಎರಡೂ ಕಾಲು ಇನ್ನೂ ಕುಂಟು ಅಂತ ಹೇಳಿ ಮುಗಿಯುತ್ತೆ. ಬೈಬಲ್ ಅದನ್ನ ಬರೆಯೋಕೆ ನಾಚಿಕೆ ಪಡಲಿಲ್ಲ. ಇರೋ ನೋವನ್ನ ಇದೆ ಅನ್ನೋದು ಅವಿಶ್ವಾಸ ಅಲ್ಲ, ಸತ್ಯ. ನಾಳೆ ದೇವರು ಗುಣಪಡಿಸಿದರೆ ಅದನ್ನೂ ಅದೇ ಬೋರ್ಡ್ ಮುಂದೆ ಹೇಳು. ಅದು ನಿನ್ನ ಸಾಕ್ಷಿ.

4. ಹಾಕೋದಾದ್ರೆ ಪೂರ್ತಿ ಸತ್ಯ ಹಾಕು

ನಾನು ಫೋನ್ ಮಾಡಿದೆ. "ತಮ್ಮಾ, ನಾನು ತಪ್ಪು ಹೇಳಿದೆ. ಅಪೀಲ್ ಹಾಕು. ಇನ್ನೂ ಎಷ್ಟು ದಿನ ಐತಿ?" ಒಂದೂವರೆ ತಿಂಗಳಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಯಾರಿಗೂ ಹೇಳದ ವಿಷಯ ಹೇಳಿದ. ಸೇವೆಯಲ್ಲಿದ್ದಾಗ ಒಂದು ಸಾರಿ ರಜೆಗೆ ಬಂದಿದ್ದ, ಹಳಿಯಾಳದ ರಸ್ತೆಯಲ್ಲಿ ಬೈಕ್ ಜಾರಿ ಬಿದ್ದಿದ್ದ. ನೋವು ಅದಕ್ಕೂ ಮೊದಲೇ, ಭಾರ ಹೊತ್ತು ಬೆಟ್ಟ ಹತ್ತೋವಾಗ ಶುರುವಾಗಿತ್ತು. ಆದರೆ ಕೆಟಗರಿ ಇಳಿಸ್ತಾರೆ ಅನ್ನೋ ಭಯಕ್ಕೆ ಆಗ ಯಾರಿಗೂ ಹೇಳಿರಲಿಲ್ಲ. "ಬೈಕಿಂದು ಬರದ್ರ ಮುಗೀತಣ್ಣಾ. ಬರೀಬ್ಯಾಡ ಅಂತಾರ ಎಲ್ಲಾರೂ. ಡ್ಯೂಟಿ ಮ್ಯಾಲ ಬಿದ್ದೆ ಅಂತ ಒಂದು ತಾರೀಖು ಹಾಕು, ಸಾಕ್ಷಿಗೆ ನಾವದೀವಿ ಅಂತಾರ."

ಈಗ ನಿಜವಾದ ಪರೀಕ್ಷೆ ಬಂತು. ಅಪೀಲ್ ಹಾಕಬೇಕಾ ಅನ್ನೋದು ಸುಲಭದ ಪ್ರಶ್ನೆ. ಹೇಗೆ ಹಾಕಬೇಕು ಅನ್ನೋದೇ ಕಷ್ಟದ್ದು. ಪೌಲ ಫೆಸ್ತನ ಮುಂದೆ ಏನು ಹೇಳಿದ ನೋಡಿ, ಮರಣಕ್ಕೆ ತಕ್ಕ ತಪ್ಪು ಮಾಡಿದ್ದರೆ ಸಾಯೋಕೂ ಹಿಂದೆ ಸರಿಯಲ್ಲ ಅನ್ನೋ ಅರ್ಥದ ಮಾತು. ಅಂದ್ರೆ ತನಗೆ ವಿರುದ್ಧವಾದ ಸತ್ಯಕ್ಕೂ ಅವನು ತಲೆಬಾಗೋಕೆ ಸಿದ್ಧ. ಸಂದೇಹದ ಲಾಭ ಕಾನೂನು ಕೊಡುತ್ತೆ, ಆದರೆ ಆ ಸಂದೇಹ ಪ್ರಾಮಾಣಿಕವಾಗಿರಬೇಕು. ಸುಳ್ಳು ತಾರೀಖು ಹಾಕಿ ಗೆದ್ದ ಪೆನ್ಶನ್ ತಿಂಗಳಿಗೊಮ್ಮೆ ಬಂದು ನಿನ್ನನ್ನ ಚುಚ್ಚುತ್ತೆ. ಅದಕ್ಕಿಂತ ಹೆಚ್ಚಾಗಿ, ನಿಜವಾಗಿ ಗಾಯಗೊಂಡ ಇನ್ನೊಬ್ಬ ಸಿಪಾಯಿಯನ್ನ ನಾಳೆ ಬೋರ್ಡ್ ಅನುಮಾನದಿಂದ ನೋಡೋ ಹಾಗೆ ಮಾಡುತ್ತೆ.

ನಾನು ಹೇಳಲಿಲ್ಲ, ಅವನೇ ನಿರ್ಧಾರ ಮಾಡಿದ. ಎರಡೂ ಬರೆದ. ಬೆಟ್ಟದ್ದೂ ಬರೆದ, ಬೈಕಿದ್ದೂ ಬರೆದ, ಯಾವುದು ಮೊದಲು ಅಂತಲೂ ಬರೆದ. ಆಗ ಜೊತೆಗಿದ್ದ ಇಬ್ಬರು, ತಾವು ಕಂಡಿದ್ದನ್ನಷ್ಟೇ ಬರೆದುಕೊಟ್ಟರು. ಇಲ್ಲೇ ಕೂತಿರೋ ನಮ್ಮ ಸಭೆಯ ಒಬ್ಬ ಸಿಸ್ಟರ್, ಸಾಫ್ಟ್‌ವೇರ್ ಕೆಲಸ ಮಾಡೋಳು, ಆರ್‌ಟಿಐ ಅರ್ಜಿ ಬರೆದುಕೊಟ್ಟು ಬೋರ್ಡಿನ ವರದಿಯ ಪ್ರತಿ ತರಿಸಿದಳು. ಅವಧಿ ಮುಗಿಯೋಕೆ ಒಂಬತ್ತು ದಿನ ಇದ್ದಾಗ ರಿಜಿಸ್ಟರ್ಡ್ ಪೋಸ್ಟ್ ಹೋಯ್ತು.

5. ತೀರ್ಪು ಬರೋ ಮುಂಚೆ ಬದುಕು

ಏನಾಯ್ತು ಪಾಸ್ಟರ್, ಗೆದ್ದನಾ ಅಂತ ನಿಮ್ಮ ಮುಖ ಕೇಳ್ತಿದೆ. ಮೊದಲ ಮನವಿ ತಿರಸ್ಕಾರ ಆಯ್ತು. ಎರಡನೆಯದೂ ಆಯ್ತು. ಈಗ ವಿಷಯ ನ್ಯಾಯಮಂಡಳಿಯಲ್ಲಿದೆ. ತೀರ್ಪು ಬಂದಿಲ್ಲ.

ಪೌಲನ ಮನವಿಗೂ ಬೆಲೆ ಇತ್ತು. ಇವನು ಕೈಸರನಿಗೆ ಮನವಿ ಮಾಡದೆ ಇದ್ದಿದ್ದರೆ ಈಗಲೇ ಬಿಡಬಹುದಿತ್ತು ಅನ್ನೋ ಹಾಗೆ ಅಗ್ರಿಪ್ಪ ಹೇಳಿದ. ಆಮೇಲೆ ಸಮುದ್ರ, ಬಿರುಗಾಳಿ, ಹಡಗು ಒಡೆದದ್ದು, ಹಾವು ಕಚ್ಚಿದ್ದು. ಅಪೊಸ್ತಲರ ಕೃತ್ಯಗಳು ಕೊನೆಗೆ ಹೇಗೆ ಮುಗಿಯುತ್ತೆ ಅಂತ ಯಾವತ್ತಾದ್ರೂ ಗಮನಿಸಿದ್ದೀರಾ? ಕೈಸರನ ತೀರ್ಪು ಅದರಲ್ಲಿ ಇಲ್ಲ! ಎರಡು ವರ್ಷ ಬಾಡಿಗೆ ಮನೆಯಲ್ಲಿ ಇದ್ದು, ಬಂದವರನ್ನೆಲ್ಲ ಸೇರಿಸಿಕೊಂಡು, ರಾಜ್ಯದ ಸುವಾರ್ತೆ ಸಾರಿದ ಅನ್ನೋದರಲ್ಲಿ ಪುಸ್ತಕ ಮುಗಿಯುತ್ತೆ. ಕೇಸ್ ಬಾಕಿ, ಬದುಕು ಬಾಕಿ ಇಲ್ಲ. ಆಮೆನ್ ಹೇಳ್ತೀರಾ?

ನನ್ನ ತಮ್ಮ ಹಳಿಯಾಳದಲ್ಲಿ ಒಂದು ಸಣ್ಣ ಅಂಗಡಿ ಇಟ್ಟಿದ್ದಾನೆ. ಭಾರ ಎತ್ತೋಕಾಗಲ್ಲ, ಅವನ ಹೆಂಡತಿ ಎತ್ತುತ್ತಾಳೆ. ಮೊನ್ನೆ ಫೋನಿನಲ್ಲಿ ಅಂದ, "ಅಣ್ಣಾ, ಬೋರ್ಡ್ ನನಗ 20 ಅಂತು. ಒಂದು ದಿನ ನಾನೂ ನನಗ ಸೊನ್ನೆ ಅಂದಕೊಂಡಿದ್ದೆ. ಈಗ ಹಂಗ ಅನಸೂದಿಲ್ಲ." ನಿಮ್ಮಲ್ಲಿ ಯಾರಿಗೋ ಇದು ಬೇಕು. ಅಪ್ರೈಸಲ್‌ನಲ್ಲಿ ನಿನಗೆ ಕಡಿಮೆ ರೇಟಿಂಗ್ ಕೊಟ್ಟಿರಬಹುದು. ಪ್ರಶ್ನಿಸೋ ಹಕ್ಕಿದ್ದರೆ ಗೌರವದಿಂದ, ಸತ್ಯದಿಂದ ಪ್ರಶ್ನಿಸು. ಆದರೆ ಅದು ಕಾಗದದ ಮೇಲಿನ ಅಂಕಿ. ನಿನ್ನ ಬೆಲೆ ಶಿಲುಬೆಯ ಮೇಲೆ ಆಗಲೇ ಕಟ್ಟಿ ಆಗಿದೆ. ಅದಕ್ಕೆ ಮೇಲ್ಮನವಿ ಇಲ್ಲ. ಹಲ್ಲೆಲೂಯಾ!

ಈ ವಾರ ಒಂದು ಕೆಲಸ ಮಾಡಿ. ಊರಲ್ಲಿರೋ ನಿಮ್ಮ ಚಿಕ್ಕಪ್ಪನೋ ಅಜ್ಜಿಯೋ, ಓದೋಕಾಗದೆ ಪೆಟ್ಟಿಗೆಯಲ್ಲಿ ಇಟ್ಟಿರೋ ಒಂದು ಸರ್ಕಾರಿ ಪತ್ರ ಇರುತ್ತೆ. ಫೋನ್ ಮಾಡಿ ಅದರ ಫೋಟೋ ಕಳಿಸೋಕೆ ಹೇಳಿ. ಓದಿ, ಕೊನೇ ದಿನಾಂಕ ಯಾವುದು ಅಂತ ನೋಡಿ ಹೇಳಿ. ನನ್ನ ಹಾಗೆ ಮೂರು ತಿಂಗಳು ಸುಮ್ಮನಿರಬೇಡಿ.

ಎದ್ದು ನಿಂತು ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನೀನು ನ್ಯಾಯಾಧಿಪತಿ, ನೀನೇ ನಮ್ಮ ತಂದೆ. ಗಾಯಗೊಂಡು ಮನೆಗೆ ಬಂದ ಸಿಪಾಯಿಗಳನ್ನೂ ಅವರ ಮನೆಯವರನ್ನೂ ನೆನಪು ಮಾಡಿಕೋ. ಕೇಳೋದಕ್ಕೆ ಧೈರ್ಯ ಕೊಡು, ಸುಳ್ಳು ಹೇಳದ ಬಾಯಿ ಕೊಡು, ಕಾಯೋದಕ್ಕೆ ಶಕ್ತಿ ಕೊಡು. ಇನ್ನೊಬ್ಬರ ಅಂಗಿಯನ್ನ ಸುಲಭವಾಗಿ ಬಿಟ್ಟುಕೊಡುವ ಬೋಧಕರನ್ನ ಕ್ಷಮಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.