ಕರಾಟೆಯೊಳಗಿನ ಚೀನಾ

ಗೌರಿಬಿದನೂರಿನ ಕುಡುಮಲಕುಂಟೆ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕರಾಟೆಗೆ ನಿಂತರೆ ಎಣಿಕೆ ಜಪಾನಿಯದು: ಇಚಿ, ನಿ, ಸಾನ್. ಒಂದು ಮುಷ್ಟಿ ಮುಂದಕ್ಕೆ ಚಿಮ್ಮುವಾಗ ಇನ್ನೊಂದು ಸೊಂಟದ ಪಕ್ಕಕ್ಕೆ ಬಂದು ನಿಲ್ಲಬೇಕು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ತರಬೇತಿ ಕೊಡುತ್ತಿರುವುದು ಒಳ್ಳೆಯ ಕೆಲಸ. ಆ ಎಣಿಕೆಯ ಜೊತೆಗೆ ಕರಾಟೆಯ ಹೆಸರಿನ ಕಥೆಯನ್ನೂ ಮಕ್ಕಳಿಗೆ ಹೇಳಬೇಕೆಂಬುದು ನನ್ನ ಆಸೆ.

ಕರಾಟೆ ಹುಟ್ಟಿದ್ದು ಒಕಿನಾವಾ ದ್ವೀಪದಲ್ಲಿ. 1879ರಲ್ಲಿ ಜಪಾನ್ ನುಂಗಿಕೊಳ್ಳುವವರೆಗೆ ಅದು ರ್‍ಯೂಕ್ಯೂ ಎಂಬ ಬೇರೆಯೇ ರಾಜ್ಯ. ಚೀನಾದೊಂದಿಗೆ ಅದರ ವ್ಯಾಪಾರ, ವಿದ್ಯೆಯ ಕೊಡುಕೊಳ್ಳುವಿಕೆ ಹಳೆಯದು. ಅಲ್ಲಿನವರು ಈ ವಿದ್ಯೆಯನ್ನು ‘ತೆ’, ಅಂದರೆ ಕೈ, ಎನ್ನುತ್ತಿದ್ದರು. ಚೀನಾದಿಂದ ಬಂದ ವರಸೆಗಳು ಬೆರೆತ ಮೇಲೆ ಅದು ತಾಂಗ್ ಕೈ, ಎಂದರೆ ಚೀನಾದ ಕೈ ಆಯಿತು. ಚೀನಾದ ತಾಂಗ್ ರಾಜವಂಶವನ್ನು ಸೂಚಿಸುವ ಆ ಅಕ್ಷರಕ್ಕೆ ಜಪಾನಿಯಲ್ಲಿ ‘ಕರ’ ಎಂಬ ಉಚ್ಚಾರವೂ ಉಂಟು; ‘ಕರ’ಕ್ಕೆ ‘ತೆ’ ಸೇರಿ ಕರಾಟೆ. ಬರಿದು ಎಂಬರ್ಥದ ಇನ್ನೊಂದು ಅಕ್ಷರಕ್ಕೂ ಅದೇ ಉಚ್ಚಾರ.

1905ರಲ್ಲೇ ಹನಾಶಿರೊ ಚೋಮೊ ಎಂಬ ಗುರು ಈ ಎರಡನೆಯ ಅಕ್ಷರದಲ್ಲಿ ಹೆಸರು ಬರೆದಿದ್ದರು. ಆದರೆ ಅದು ಗಟ್ಟಿಯಾಗಿ ನೆಲೆಯೂರಿದ್ದು 1930ರ ದಶಕದಲ್ಲಿ, ಜಪಾನಿನ ಸೇನೆ ಮಂಚೂರಿಯಾಕ್ಕೆ ನುಗ್ಗಿದ ಮೇಲೆ. ಶತ್ರುದೇಶದ ಹೆಸರು ಹೊತ್ತ ವಿದ್ಯೆ ಟೋಕಿಯೊದಲ್ಲಿ ಬೆಳೆಯುವುದು ಕಷ್ಟವಿತ್ತು. 1936ರ ಅಕ್ಟೋಬರ್ 25ರಂದು ನಾಹಾದಲ್ಲಿ ಪತ್ರಿಕೆಯೊಂದು ಕರೆದ ಸಭೆಯಲ್ಲಿ ಗುರುಗಳು ‘ಬರಿಗೈ’ಯನ್ನು ಒಪ್ಪಿಕೊಂಡರು. ಒಕಿನಾವಾದಲ್ಲಿ ಈಗ ಅಕ್ಟೋಬರ್ 25 ಕರಾಟೆ ದಿನ.

ಟೋಕಿಯೊದಲ್ಲಿ ಈ ಹೆಸರನ್ನು ಹಬ್ಬಿಸಿದ ಫುನಾಕೋಶಿ ಗಿಚಿನ್ ಮೂಲತಃ ಶಾಲಾ ಮೇಷ್ಟ್ರು. ಆಯುಧವಿಲ್ಲದ ಕೈ ಎಂಬಷ್ಟಕ್ಕೇ ಅವರು ತೃಪ್ತರಾಗಲಿಲ್ಲ; ಬೌದ್ಧರ ಶೂನ್ಯವನ್ನೂ ಅದರಲ್ಲಿ ಕಂಡರು. ನಮ್ಮ ‘ಶೂನ್ಯ’ವನ್ನು ಚೀನೀ ಭಾಷೆಗೆ ತಂದ ಬೌದ್ಧರು ಬಳಸಿದ್ದೂ ಇದೇ ಅಕ್ಷರವನ್ನು. ಚೀನಾದ ಹೆಸರು ಅಳಿಸಿ ಬರೆದದ್ದೂ ಚೀನಾದ ಲಿಪಿಯಲ್ಲೇ, ಭಾರತದ ವಿಚಾರವೊಂದನ್ನೇ!

ಆ ವಿಚಾರದ ಆಳವನ್ನು ನಾನು ಗೌರವಿಸುತ್ತೇನೆ. ಕಲಿಸಿದವರ ಹೆಸರು ಮರೆಯಾದದ್ದು ಮಾತ್ರ ನೋಯಿಸುತ್ತದೆ. ಪೂರ್ತಿ ಮರೆಯಾಗಿಲ್ಲ ಎನ್ನುವುದೇ ಸಮಾಧಾನ. ಕುಶಾಂಕು ಎಂಬ ಕಟಾಕ್ಕೆ, ಅಂದರೆ ವರಸೆಗಳ ಸರಣಿಗೆ, ಆ ಹೆಸರು ಬಂದದ್ದು ಒಕಿನಾವಾಕ್ಕೆ ಬಂದಿದ್ದ ಒಬ್ಬ ಚೀನೀಯನಿಂದ ಎಂದು ಪರಂಪರೆ ಹೇಳುತ್ತದೆ. ಫುನಾಕೋಶಿ ಅದನ್ನೂ ‘ಕಾಂಕು’ ಎಂದು ಬದಲಿಸಿದರು. ಕರಾಟೆಯ ವಾಡೊ ಪಂಥದವರು ಇಂದಿಗೂ ಕುಶಾಂಕು ಎಂದೇ ಕರೆಯುತ್ತಾರೆ.