ಹದಿನಾಲ್ಕು ಸಾಲು ಯಾರದ್ದು?

ಅಜ್ಜನ ಒಂದು ಪಟ್ಟಿ ಇತ್ತು. ಪಟ್ಟಿ ಅಂದರೆ ನಮ್ಮ ಕಡೆ ನೋಟ್‌ಬುಕ್ಕು. ಬೆಂಗಳೂರಿಗೆ ಬಂದ ಹೊಸದರಲ್ಲಿ ಈ ಶಬ್ದ ಬಳಸಿ ನಗೆಪಾಟಲಾದವನು ನಾನೊಬ್ಬನೇ ಇರಲಿಕ್ಕಿಲ್ಲ. ಯಾವ ವರ್ಷ ಮಳೆ ಎಂದು ಹಿಡಿಯಿತು, ಕೊಳೆರೋಗಕ್ಕೆ ಎಷ್ಟು ಸಲ ಬೋರ್ಡೋ ಹೊಡೆದದ್ದು, ಕೊನೆಗೌಡನಿಗೆ ಕೊಟ್ಟ ಮಜೂರಿ ಎಷ್ಟು, ಯಾವ ಮರದ ಸೊಪ್ಪು ಕೊಟ್ಟಿಗೆಯಲ್ಲಿ ಬೇಗ ಗೊಬ್ಬರವಾಯಿತು, ಎಲ್ಲ ಅದರಲ್ಲಿತ್ತು. ಅಜ್ಜ ಹೋದ ಮೇಲೆ ಅಪ್ಪಯ್ಯ ಅದನ್ನು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ, ಸಣ್ಣ ಪುಸ್ತಕ ಮಾಡಿಸುವ ಆಸೆಯಿಂದ. ಪುಸ್ತಕ ಆಗಲಿಲ್ಲ. ಒಂದು ಸಿಡಿ ಮನೆಗೆ ಬಂತು. ಮೂಲ ಪಟ್ಟಿಯನ್ನು ಅಟ್ಟದ ಮೇಲೆ ಒರಲೆ ತಿಂದು ಮುಗಿಸಿತು. ಅರಬೈಲಿನ ಮಳೆಗಾಲದಲ್ಲಿ ಕಾಗದ ಉಳಿಯುವುದೇ ಒಂದು ಪವಾಡ ಬಿಡಿ.

ಕಳೆದ ವರ್ಷ ಹಬ್ಬಕ್ಕೆ ಹೋದಾಗ ಅಪ್ಪಯ್ಯ ಆ ಸಿಡಿ ತಂದು ಕೈಗಿಟ್ಟ. ಸಿಡಿ ಹಾಕುವ ಜಾಗವೇ ಇಲ್ಲದ ಲ್ಯಾಪ್‌ಟಾಪು ನನ್ನದು. ಪಕ್ಕದ ಮನೆಯ ಹಳೇ ಕಂಪ್ಯೂಟರಿನಲ್ಲಿ ಹೇಗೋ ಕಾಪಿ ಮಾಡಿಕೊಂಡೆ. ಕಡತ ತೆರೆಯಿತು, ಅಕ್ಷರ ತೆರೆಯಲಿಲ್ಲ. ಪರದೆಯ ತುಂಬ ಯುರೋಪಿನ ಯಾವುದೋ ಭಾಷೆಯ ಅಕ್ಷರ, ತಲೆ ಮೇಲೆ ಕೊಂಬು, ಬಾಲ. ನಡುನಡುವೆ ಪೌಂಡಿನ ಚಿಹ್ನೆ.

ಯಾಕೆ ಹೀಗೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡ ಇತ್ತು. ಆದರೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳಿಗೆ ಅದು ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಒಬ್ಬೊಬ್ಬರದ್ದು ಒಂದೊಂದು ಫಾಂಟು, ಒಂದೊಂದು ಫಾಂಟಿಗೆ ಒಂದೊಂದು ಗುಟ್ಟಿನ ಲೆಕ್ಕ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಕೆಲವು ಡಿಟಿಪಿ ತಂತ್ರಾಂಶಗಳಿಗೆ ಇನ್ನೊಂದು ಬೀಗವೂ ಇತ್ತು: ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಹೆಬ್ಬೆರಳಿನ ಗಾತ್ರದ ಒಂದು ಸಾಧನ. ಅದಿಲ್ಲದಿದ್ದರೆ ತಂತ್ರಾಂಶ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಡಿಟಿಪಿ ಅಂಗಡಿ ಮುಚ್ಚಿ ವರ್ಷಗಳಾಗಿತ್ತು. ಆ ಹೆಬ್ಬೆರಳು ಎಲ್ಲಿ ಹೋಯಿತೋ.

ಇದನ್ನೆಲ್ಲ ಅಪ್ಪಯ್ಯನಿಗೆ ವಿವರಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಅಜ್ಜ ಬರೆದದ್ದು, ದುಡ್ಡು ಕೊಟ್ಟವ ಆನು. ಅದನ್ನ ಓದಲೆ ಮತ್ತೊಬ್ಬರ ಬೀಗ ಎಂತಕ್ಕೆ?"

ನಾನು ತಂತ್ರಾಂಶ ಬರೆದೇ ಹೊಟ್ಟೆ ಹೊರೆಯುವವನು. ಮುಕ್ತ ತಂತ್ರಾಂಶದ ಬಗ್ಗೆ ಕಾಲೇಜಿನಲ್ಲಿ ಭಾಷಣ ಕೇಳಿದ್ದೆ, ಬೀಟೆ ಮರದ ಬಣ್ಣದ ಅಂಗಿ ಹಾಕಿಕೊಂಡು ಒಮ್ಮೆ ಭಾಷಣ ಮಾಡಿಯೂ ಇದ್ದೆ. ಆದರೆ ಈ ಪ್ರಶ್ನೆ ನನ್ನನ್ನು ಮುಟ್ಟಿದ್ದು ಅವತ್ತು. ಅಲ್ಲಿಯವರೆಗೆ ನನಗೆ ಇದೊಂದು ದರದ ವಿಷಯವಾಗಿತ್ತು. ವಿಂಡೋಸ್‌ಗೆ ದುಡ್ಡು, ಲಿನಕ್ಸಿಗೆ ಇಲ್ಲ. ದುಡ್ಡು ಕೊಡದೆ ಕಳ್ಳ ಪ್ರತಿ ಹಾಕಿಕೊಂಡರೆ ವಿಂಡೋಸಿಗೂ ಇಲ್ಲ. ಹಾಸ್ಟೆಲಿನ ನಾಲ್ಕು ವರ್ಷ ನಾವೆಲ್ಲ ಮಾಡಿದ್ದು ಅದನ್ನೇ, ಮತ್ತು ಅದರಲ್ಲಿ ನಮಗೆ ಒಂದು ಕ್ರಾಂತಿಯ ಹೆಮ್ಮೆ ಬೇರೆ. ಈಗ ಯೋಚಿಸಿದರೆ, ಕದ್ದು ತಂದ ಪ್ರತಿಯ ಒಳಗೆ ಏನಿದೆ ಅಂತಲೂ ಗೊತ್ತಿರಲಿಲ್ಲ, ಕೆಟ್ಟರೆ ರಿಪೇರಿ ಮಾಡುವಂತೆಯೂ ಇರಲಿಲ್ಲ. ಬೀಗ ಅವರದ್ದೇ. ನಾವು ಕಳ್ಳರೂ ಆದೆವು, ಒಕ್ಕಲಾಗಿಯೂ ಉಳಿದೆವು.

ಅಜ್ಜನ ಪಟ್ಟಿ ಕಡೆಗೆ ಸಿಕ್ಕಿದ್ದು ಒಂದು ಪುಟ್ಟ ಪರಿವರ್ತಕದಿಂದ. ಹಳೇ ಫಾಂಟಿನ ಕೋಡನ್ನು ಯುನಿಕೋಡಿಗೆ ತರುವ ತಂತ್ರಾಂಶ. ಯಾರೋ ಪುಣ್ಯಾತ್ಮರು ತಮ್ಮ ರಜೆಯ ದಿನಗಳಲ್ಲಿ ಬರೆದು, ಮೂಲ ಕೋಡ್ ಸಮೇತ ಎಲ್ಲರಿಗೂ ಬಿಟ್ಟಿದ್ದು. ಒಂದು ನಿಮಿಷವೂ ಹಿಡಿಯಲಿಲ್ಲ. ಜಗಲಿಯಲ್ಲಿ ಕೂತು ಅಪ್ಪಯ್ಯ ಗಟ್ಟಿಯಾಗಿ ಓದತೊಡಗಿದ. ಎರಡನೇ ಪುಟದಲ್ಲಿ ನಿಂತ. "ಇದೆಂತದು, ಬೋಡೋರ್?"

ಬೋರ್ಡೋ, ಬೋಡೋರ್ ಆಗಿತ್ತು. ಅರ್ಘ್ಯ, ಅಘ್ಯರ್. ಅರ್ಕಾವತ್ತಿನ ತಕರಾರು. ಬರೆಯುವಾಗ ಅದು ಅಕ್ಷರದ ನಂತರ ಬರುತ್ತದೆ, ಹಳೇ ಫಾಂಟಿನಲ್ಲೂ ಹಾಗೇ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ರ್ ಮೊದಲು. ಪರಿವರ್ತಕ ಅದನ್ನು ಎತ್ತಿ ಇಡೀ ಒತ್ತಕ್ಷರದ ಹಿಂದೆ ಇಡಬೇಕು. ನಮ್ಮ ಕಡತದ ಫಾಂಟಿನಲ್ಲಿ ಏನೋ ಸಣ್ಣ ವ್ಯತ್ಯಾಸ, ಅದು ಎಡವುತ್ತಿತ್ತು. ಕೋಡ್ ಕಣ್ಣೆದುರೇ ಇತ್ತು. ಆಯಿ ಊಟಕ್ಕೆ ಎರಡು ಸಲ ಕರೆಯುವುದರೊಳಗೆ ಸರಿ ಮಾಡಿದೆ. 14 ಸಾಲು.

ಇಲ್ಲಿಗೆ ನಿಲ್ಲಿಸಿದರೆ ಇದು ಮುಕ್ತ ತಂತ್ರಾಂಶದ ಜಯಗಾಥೆ. ಆದರೆ ಅಪ್ಪಯ್ಯ ನಿಲ್ಲಿಸಲಿಲ್ಲ.

"ಇದು ಮಾಡ್ದವಂಗೆ ಎಂತ ಕೊಟ್ಟೆ?"

"ಎಂತದೂ ಇಲ್ಲೆ. ಅವ್ರು ಕೇಳಿದ್ವೇ ಇಲ್ಲೆ."

"ಕೇಳಿದ್ವಿಲ್ಲೆ ಹೇಳಿ ಕೊಡದೇ ಇರದಾ?"

ಅವನ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಸೊಪ್ಪಿನಬೆಟ್ಟದಿಂದ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಿಗರಿಗೆ ಬ್ರಿಟಿಷರ ಕಾಲದಿಂದ ಬಂದ ಒಂದು ವ್ಯವಸ್ಥೆ ಅದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡು. ಅದರ ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು. ಆದರೆ ನೆಲ ನಮ್ಮದಲ್ಲ, ಮಾರುವಂತಿಲ್ಲ, ಮರ ಕಡಿಯುವಂತಿಲ್ಲ. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ತೋಟಕ್ಕೆ. ಯಾರಿಗೂ ದುಡ್ಡು ಕೊಡುವುದಿಲ್ಲ. ಹಾಗಂತ ಅದು ಪುಕ್ಕಟೆಯೂ ಅಲ್ಲ. ಈ ವರ್ಷ ಕಡಿದ ಮರವನ್ನು ಮುಂದಿನ ವರ್ಷ ಮುಟ್ಟಬಾರದು, ತುದಿ ಬಿಡಬೇಕು, ಬೇಸಿಗೆಯಲ್ಲಿ ಬೆಂಕಿ ನೋಡಿಕೊಳ್ಳಬೇಕು. ಹಾಗೆ ನೋಡಿಕೊಂಡವರ ಬೆಟ್ಟದಲ್ಲಿ ಇವತ್ತೂ ಕಾಡಿದೆ. ಬರೀ ಕಡಿದವರ ಬೆಟ್ಟ ಬೋಳು ಗುಡ್ಡ. ನಮ್ಮ ಕಡೆ ಎರಡೂ ಥರದ್ದು ಅಕ್ಕಪಕ್ಕದಲ್ಲೇ ಕಾಣುತ್ತವೆ.

(ಒಂದು ಕಾಕತಾಳೀಯ ಹೇಳಿಬಿಡುತ್ತೇನೆ. ಶಿರಸಿಯ ಸಾಲ್ಕಣಿ ಕಡೆ ಜನ ಮರ ತಬ್ಬಿ ನಿಂತು ಅಪ್ಪಿಕೋ ಚಳವಳಿ ಶುರುವಾದದ್ದು 1983ರ ಸೆಪ್ಟೆಂಬರ್ 8ಕ್ಕೆ. ಅದೇ ತಿಂಗಳು 27ಕ್ಕೆ ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿದ. ಒಬ್ಬರಿಗೊಬ್ಬರ ಸುದ್ದಿ ಗೊತ್ತಿರಲಿಕ್ಕೆ ಸಾಧ್ಯವೇ ಇಲ್ಲ. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ನನಗೆ ಖುಷಿ.)

ಹೋಲಿಕೆಯಲ್ಲಿ ಒಂದು ತೂತಿದೆ, ನೀವು ಆಗಲೇ ಹಿಡಿದಿರುತ್ತೀರಿ. ಸೊಪ್ಪು ಕಡಿದರೆ ಮುಗಿಯುತ್ತದೆ, ತಂತ್ರಾಂಶ ಮುಗಿಯುವುದಿಲ್ಲ. ಕೋಟಿ ಜನ ಕಾಪಿ ಮಾಡಿಕೊಂಡರೂ ಸವೆಯುವುದಿಲ್ಲ. ಸರಿ. ಸವೆಯುವುದು ಅದನ್ನು ನೋಡಿಕೊಳ್ಳುವ ಮನುಷ್ಯ. ಎಕ್ಸ್‌ಝಡ್ ಅಂತ ಕಡತ ಕುಗ್ಗಿಸುವ ಒಂದು ತಂತ್ರಾಂಶ ಇದೆ. ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರುಗಳಲ್ಲಿ ಅದು ಕೂತಿದೆ. ನೋಡಿಕೊಳ್ಳುತ್ತಿದ್ದವನು ಹೆಚ್ಚುಕಡಿಮೆ ಒಬ್ಬನೇ, ಸಂಬಳವಿಲ್ಲದೆ. ಅವನು ದಣಿದಿದ್ದ. ಬೇಗ ಮಾಡು, ಬೇಗ ಮಾಡು ಅಂತ ಪೀಡಿಸುವವರು ಬೇರೆ. ಆಗ ಸಹಾಯ ಮಾಡುತ್ತೇನೆ ಅಂತ ಒಬ್ಬ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ಸಭ್ಯನಾಗಿ ಕೆಲಸ ಮಾಡಿ, ನಂಬಿಕೆ ಗಳಿಸಿ, ಕಡೆಗೆ ಒಳಗೊಂದು ಕಳ್ಳಬಾಗಿಲು ಇಟ್ಟ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ತನ್ನ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿ, ಬೆನ್ನು ಹತ್ತಿ ಹೋಗಿ ಅದನ್ನು ಕಂಡುಹಿಡಿದ. ಕೋಡ್ ಬಿಚ್ಚಿಟ್ಟಿದ್ದರಿಂದ ಸಿಕ್ಕಿಬಿತ್ತು ಅನ್ನುವವರಿದ್ದಾರೆ, ಬಿಚ್ಚಿಟ್ಟಿದ್ದರಿಂದಲೇ ಕಳ್ಳ ಒಳಬಂದ ಅನ್ನುವವರೂ ಇದ್ದಾರೆ. ಫ್ರಾಯಿಂಡ್ ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟಿನಲ್ಲಿ. ಹಾಗಾಗಿ ಈ ಕತೆಯಲ್ಲಿ ಬಿಳಿ-ಕಪ್ಪು ಹುಡುಕಬೇಡಿ. ನನಗೆ ಕಾಣುವುದು ದಣಿದ ಆ ಒಬ್ಬ ಮನುಷ್ಯ, ಮತ್ತು ಅವನ ಬೆಟ್ಟದ ಸೊಪ್ಪು ಕಡಿದುಕೊಂಡು ಹೋದ ನಾವೆಲ್ಲ. ನನ್ನ ಸಂಬಳದ ಪ್ರತಿ ರೂಪಾಯಿಯ ಕೆಳಗೂ ಲಿನಕ್ಸ್ ಇದೆ. ಇಷ್ಟು ವರ್ಷದಲ್ಲಿ ನಾನು ವಾಪಸು ಕೊಟ್ಟದ್ದು ಒಂದು ಸಾಲೂ ಇಲ್ಲ.

ಕೊಟ್ಟವರು ನಮ್ಮಲ್ಲೇ ಇದ್ದಾರೆ. ನಾವು ಇವತ್ತು ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರದ್ದು. ಹಕ್ಕು ಸಾಧಿಸದೆ ಎಲ್ಲರಿಗೂ ಬಿಟ್ಟರು. ಒಂದೊಂದು ಅಕ್ಷರಕ್ಕೆ ಒಂದೊಂದು ಪೈಸೆ ಕೇಳಿದ್ದರೆ ಎಂದು ಸುಮ್ಮನೆ ಊಹಿಸಿ. ‘ಉಚಿತ’ ಎಂಬ ಶಬ್ದಕ್ಕೆ ಬಿಟ್ಟಿ ಅನ್ನುವ ಅರ್ಥಕ್ಕಿಂತ ಮೊದಲು ಯೋಗ್ಯ, ತಕ್ಕದ್ದು ಅನ್ನುವ ಅರ್ಥ ಇತ್ತು ಎಂಬುದು ಇಂಥವರನ್ನು ನೋಡಿದಾಗ ನೆನಪಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತಲ್ಲ, ಅವತ್ತಿನಿಂದ ಗೆಳೆಯರು ಕೇಳುತ್ತಿದ್ದಾರೆ: ಊರಲ್ಲಿರುವ ಹಳೇ ಲ್ಯಾಪ್‌ಟಾಪು ಚೆನ್ನಾಗೇ ಇದೆ, ಆದರೆ 11ಕ್ಕೆ ಬೇಕಾದ ಚಿಪ್ ಇಲ್ಲ, ಲಿನಕ್ಸ್ ಹಾಕಿಬಿಡಲಾ? ನಾನು ಅಪ್ಪಯ್ಯನಿಗೆ ಹಾಕಿಕೊಟ್ಟೆ, ಲಿಬ್ರೆಆಫೀಸ್ ಸಮೇತ. ಅಡಿಕೆ ಲೆಕ್ಕ, ಪತ್ರ, ಯಕ್ಷಗಾನದ ವಿಡಿಯೋ, ಅವನಿಗೆ ಬೇಕಾದದ್ದೆಲ್ಲ ನಡೆಯುತ್ತದೆ. ಆದರೆ ಅವತ್ತೇ ಅವನು ಕೇಳಿದ್ದ: "ನೀ ಬೆಂಗ್ಳೂರಿಗೆ ಹೋದ್ಮೇಲೆ ಇದು ಕೆಟ್ರೆ ಯಾರ ಹತ್ರ ಕೇಳವು?"

ಇದಕ್ಕೆ ನನ್ನ ಪಂಗಡದವರು ಸರಿಯಾಗಿ ಉತ್ತರ ಕೊಡುವುದಿಲ್ಲ. ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗನಿಗೆ ವಿಂಡೋಸ್ ಗೊತ್ತು, ಇದು ಗೊತ್ತಿಲ್ಲ. ಮೂಲ ಕೋಡ್ ಓದುವ ಸ್ವಾತಂತ್ರ್ಯ ಅಪ್ಪಯ್ಯನಿಗೆ ಎಷ್ಟು ಉಪಯೋಗ? ನನಗೆ ತೆಂಗಿನ ಮರ ಹತ್ತುವ ಸ್ವಾತಂತ್ರ್ಯ ಇದ್ದಷ್ಟೇ. ಅವನ ಸ್ವಾತಂತ್ರ್ಯ ನಿಂತಿರುವುದು ಕೋಡ್ ಓದಬಲ್ಲ ಇನ್ನೊಬ್ಬ ಕೈಗೆ ಸಿಗುವುದರ ಮೇಲೆ. ಅಂಥ ಮಗ ಅಥವಾ ನೆಂಟ ಇಲ್ಲದ ಮನೆಗೆ ನಾನು ಲಿನಕ್ಸ್ ಹಾಕು ಅನ್ನುವುದಿಲ್ಲ. ಅಂಗಡಿಯ ಹುಡುಗನಿಗೆ ಗೊತ್ತಿರುವುದನ್ನೇ ದುಡ್ಡು ಕೊಟ್ಟು ಇಟ್ಟುಕೊಳ್ಳಿ, ಕಡತ ಮಾತ್ರ ಯಾರೂ ತೆರೆಯಬಹುದಾದ ರೂಪದಲ್ಲಿ ಉಳಿಸಿ ಅನ್ನುತ್ತೇನೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶ ಬೇರು ಬಿಟ್ಟದ್ದು ಅಲ್ಲಿ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟದ್ದರಿಂದ. ಕೇಳಲಿಕ್ಕೆ ಜನ ಇದ್ದರು.

ಅಂದರೆ ಹೊಣೆ ಬಂದು ಬೀಳುವುದು ಓದಬಲ್ಲವರ ಮೇಲೆ. ನನ್ನ ಮೇಲೆ. ಮತ್ತು ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರ ಮೇಲೆ.

ಹಾಗಾಗಿ ನನ್ನ 14 ಸಾಲನ್ನು ಆ ಪರಿವರ್ತಕ ಬರೆದವರಿಗೆ ಕಳಿಸಲು ಕೂತೆ. ಆಗ ನೆನಪಾಯಿತು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕರಾರಿನಲ್ಲಿ ಒಂದು ಕಲಮು ಇದೆ: ಕೆಲಸದಲ್ಲಿರುವಷ್ಟು ಕಾಲ ನಾನು ಬರೆಯುವ ತಂತ್ರಾಂಶವೆಲ್ಲ ಕಂಪನಿಗೆ ಸೇರಿದ್ದು. ಕಚೇರಿಯಲ್ಲೋ ಮನೆಯಲ್ಲೋ ಅಂತ ಭೇದ ಇಲ್ಲ. ಅರಬೈಲಿನ ಜಗಲಿಯಲ್ಲಿ, ಹಬ್ಬದ ರಜೆಯಲ್ಲಿ, ಅಜ್ಜನ ಬೋರ್ಡೋಗಾಗಿ ಬರೆದದ್ದೂ. ಓದದೇ ಸಹಿ ಹಾಕಿದ್ದೆ, ಎಲ್ಲರ ಹಾಗೆ. ಅನುಮತಿ ಕೇಳಿ ಅರ್ಜಿ ಹಾಕಿದೆ. ‘ಪರಿಶೀಲನೆಯಲ್ಲಿದೆ’ ಅಂತ ಬಂತು. ನಾಲ್ಕು ತಿಂಗಳಾಯಿತು.

ಕೇಳದೆ ಕಳಿಸಿಬಿಡು, ಯಾರಿಗೆ ಗೊತ್ತಾಗುತ್ತೆ ಅಂದ ಸಹೋದ್ಯೋಗಿ. ಹಾಸ್ಟೆಲಿನಲ್ಲಾಗಿದ್ದರೆ ಕಳಿಸುತ್ತಿದ್ದೆ. ಈಗ ಹಾಗೆ ಮಾಡಿದರೆ, ನನ್ನದಲ್ಲದ್ದನ್ನು ಆ ಪುಣ್ಯಾತ್ಮರ ಬೆಟ್ಟದೊಳಗೆ ಕದ್ದು ನೆಟ್ಟ ಹಾಗೆ. ನಾಳೆ ತಕರಾರು ಬಂದರೆ ಅವರ ತಲೆಗೆ. ಕೆಲಸ ಬಿಡುವಷ್ಟು ದೊಡ್ಡ ವಿಷಯವಾ ಇದು? ಮನೆಸಾಲದ ಕಂತು ಕಟ್ಟುವವನು ಕೊಡುವ ಉತ್ತರವನ್ನೇ ನಾನೂ ಕೊಟ್ಟುಕೊಂಡಿದ್ದೇನೆ. ಅದರ ಬಗ್ಗೆ ಹೆಮ್ಮೆಯಿಲ್ಲ. ಬೇರೆ ಕಡೆ ಸೇರುವಾಗ ಆ ಕಲಮಿಗೆ ವಿನಾಯಿತಿ ಕೇಳಬೇಕೆಂದು ಬರೆದಿಟ್ಟುಕೊಂಡಿದ್ದೇನೆ, ಅಷ್ಟೆ.

ಅಷ್ಟರಲ್ಲಿ ಅಪ್ಪಯ್ಯ ಸುಮ್ಮನಿರಬೇಕಲ್ಲ. ಪರಿವರ್ತಕದ ಸುದ್ದಿ ಊರಿಗೆಲ್ಲ ಹೇಳಿದ್ದಾನೆ. ಘಟ್ಟದ ಕೆಳಗಿನ ಒಬ್ಬರು ತಮ್ಮ ಅಮ್ಮನ ಹಾಡುಗಳ ಕಡತ ಹಾಕಿ ನೋಡಿದರಂತೆ. ಅದೇ ಅಂಗಡಿ, ಅದೇ ಫಾಂಟು. ಮೊನ್ನೆ ರಾತ್ರಿ ಅಪ್ಪಯ್ಯನ ಫೋನು.

"ಅವರದ್ರಲ್ಲೂ ಅರ್ಕಾವತ್ತು ತಪ್ಪಿದ್ದಡ. ನೀ ಸರಿ ಮಾಡಿದ್ದು ಕೊಡಲಾಗ್ತಾ ಕೇಳಿದ."

"ಕಂಪನಿಯವು ಇನ್ನೂ ಹೂಂ ಹೇಳಿದ್ವಿಲ್ಲೆ, ಅಪ್ಪಯ್ಯ."

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಘಟ್ಟ ಹತ್ತುವ ಲಾರಿಯ ಸದ್ದು ಕೇಳುತ್ತಿತ್ತು.

"ಅಡ್ಡಿಲ್ಲೆ," ಅಂದ. "ಹಂಗಾರೆ ಅವರ ಕಡತ ಇಲ್ಲಿಗೆ ತರ್ಸ್ತಿ. ಆನೇ ಒಂದೊಂದೇ ಕೈಲಿ ತಿದ್ತಿ."